ನೀರಂಚಿನ ಬೂದುಗಲ್ಲು

ಮಾರ್ಚ್ ೧೧

ಚೂಟಿ,

ಈ ಲಕೋಟೆ ನೋಡಿ ನಿನ್ನ ಹುಬ್ಬು ಮೇಲೇರಿದರೆ ತಪ್ಪೇನಿಲ್ಲ. ನಿನ್ನ ಲೇಖನ ಅಚ್ಚಾದ ಮೇಲೆ ನಾನು ನಿನಗೆ ಒಂದು ಸಾಲೂ ಬರೆದಿಲ್ಲ. ಫೋನಿನಲ್ಲಿ ನಿಮ್ಮಪ್ಪ ಮಾತಾಡುತ್ತಾರೆ, ನಾನು ಪಕ್ಕದಲ್ಲಿ ಕೂತು ಬಟ್ಟೆ ಮಡಚುತ್ತೇನೆ. ಕಿವಿಯ ಯಂತ್ರ ಹಾಕಿಕೊಂಡು ಫೋನ್ ಹಿಡಿದರೆ ಅದು ಕೀಂ ಎನ್ನುತ್ತದೆ ಎಂದು ಕೇಳಿದವರಿಗೆಲ್ಲ ಹೇಳುತ್ತೇನೆ. ಅಸಲು ಕಾರಣ ನಿನಗೆ ಗೊತ್ತು. ಭೂಗರ್ಭ ಸರ್ವೇ ಇಲಾಖೆಯಲ್ಲಿ ವಯಸ್ಸೆಲ್ಲ ಸುತ್ತಿಗೆ ಹಿಡಿದು ಓಡಾಡಿ, ಇಡೀ ಗುಡ್ಡಕ್ಕೆ ಒಂದೇ ಗುಲಾಬಿ ಬಣ್ಣ ಹಚ್ಚಿ ನಕ್ಷೆ ಬರೆದವಳು ನಾನು. ಇದೆಲ್ಲ ಒಂದೇ ಗ್ರಾನೈಟು, ಒಂದೇ ಸಲ ಕರಗಿ ಒಂದೇ ಸಲ ಆರಿದ್ದು, ವಯಸ್ಸು ಇನ್ನೂರೈವತ್ತು ಕೋಟಿ ವರ್ಷ ಎಂದವಳು. ಅದರ ನಡುವೆ ಎಂಬತ್ತು ಕೋಟಿ ವರ್ಷ ಹಿರಿದಾದ ಬೂದು ಗ್ರಾನೈಟೊಂದು ಇದೆ ಎಂದು ನೀನು ಬರೆದೆ. ಬರೆಯುವ ಮುಂಚೆ ಹೆತ್ತವಳಿಗೆ ಒಂದು ಮಾತು ಹೇಳಲಿಲ್ಲ. ನಾನು ಮುಖ ಊದಿಸಿಕೊಂಡೆ.

ಹೋದ ವಾರ ನಿಮ್ಮಪ್ಪನ ಕನ್ನಡಕದ ಅಂಗಡಿಯಿಂದ ದೊಡ್ಡ ಭೂತಗನ್ನಡಿ ತಂದು ಲೇಖನವನ್ನು ಮತ್ತೆ ಓದಿದೆ. ಚೆನ್ನಾಗಿ ಬರೆದಿದ್ದೀಯ. ವಾಕ್ಯಗಳು ರೈಲಿನ ಹಾಗೆ ಉದ್ದ, ಅದು ನಿನ್ನ ಹುಟ್ಟುಗುಣ. ಆದರೆ ಮೂರನೆಯ ಪುಟದ ಫೋಟೋದ ಮೇಲೆ ಭೂತಗನ್ನಡಿ ನಿಂತುಬಿಟ್ಟಿತು. ಜಲಾಶಯದ ಅಂಚಿನಲ್ಲಿ, ಪಂಪ್‌ಹೌಸಿನ ಪಕ್ಕ, ಅರ್ಧ ನೀರಿನಲ್ಲಿ ಅರ್ಧ ಹೊರಗೆ ಕೂತಿರುವ ಬೂದುಗಲ್ಲು. ನೀನು ಚೂರು ಒಡೆದು ಲ್ಯಾಬಿಗೆ ಒಯ್ದದ್ದು ಅದರಿಂದಲೇ. ಆ ಕಲ್ಲು ನನಗೆ ಗೊತ್ತು. ನೀನು ನನ್ನ ಹೊಟ್ಟೆಯಲ್ಲಿದ್ದಾಗ ಅಲ್ಲಿ ರಸ್ತೆ ಮಾಡುತ್ತಿದ್ದರು. ಬುಲ್ಡೋಜರ್ ಅದನ್ನು ತಳ್ಳಿಕೊಂಡು ಬಂದು ಅಂಚಿಗೆ ಉರುಳಿಸಿದ್ದನ್ನು ನಾನು ಜೀಪಿನಲ್ಲಿ ಕೂತು ನೋಡಿದ್ದೇನೆ. ಅದು ನೆಲೆಗಲ್ಲಲ್ಲ, ಉರುಳುಗಲ್ಲು. ಅದರ ಬುಡ ಭೂಮಿಯೊಳಗೆ ಇಲ್ಲ. ರಸ್ತೆಗೆಂದು ಯಾವ ದಿಕ್ಕಿನಿಂದ ಯಾವ ಲಾರಿಯಲ್ಲಿ ಬಂದಿತ್ತೋ.

ಕಲ್ಲಿನ ವಯಸ್ಸು ಕೇಳುವ ಮುಂಚೆ ಅದು ಹುಟ್ಟಿದ್ದು ಅಲ್ಲಿಯೇನಾ ಎಂದು ಕೇಳಬೇಕು. ಈ ಪಾಠವನ್ನು ನಿನಗೆ ಊಟಕ್ಕೆ ಕೂತಾಗಲೇ ಹೇಳಿಕೊಟ್ಟಿದ್ದೆ. ವಯಸ್ಸು ಅಳೆದ ನಿನ್ನ ಲ್ಯಾಬಿನ ಯಂತ್ರ ಸುಳ್ಳು ಹೇಳಿರಲಿಕ್ಕಿಲ್ಲ, ಕಲ್ಲು ಅಷ್ಟು ಹಳೆಯದೇ ಇರಬಹುದು. ಆದರೆ ಅದು ನಮ್ಮ ಗುಡ್ಡದ್ದಲ್ಲ. ಹೊಟ್ಟೆಕಿಚ್ಚಿನಿಂದ ಬರೆಯುತ್ತಿದ್ದೇನೆ ಎಂದುಕೊಳ್ಳಬೇಡ. ನಾಳೆ ಹೊರಗಿನವರು ಯಾರೋ ಇದನ್ನೇ ಎತ್ತಿ ಆಡುವ ಬದಲು ನಾನೇ ಹೇಳುವುದು ಮೇಲು ಎನಿಸಿತು.

ನಿಮ್ಮಪ್ಪನಿಗೆ ಮಂಡಿನೋವು ಕಡಿಮೆ.

ಅಮ್ಮ


ಏಪ್ರಿಲ್ ೨

ಅಮ್ಮ,

ಲಕೋಟೆಯ ಮೇಲೆ ನಿನ್ನ ಅಕ್ಷರ ನೋಡಿ ಮೆಟ್ಟಿಲ ಮೇಲೇ ಕೂತುಬಿಟ್ಟೆ. ಕೆಳಗಿನ ಮನೆಯ ಹೆಂಗಸು ಏನಾಯಿತು ಎಂದು ಕೇಳಿದಳು. ಅಮ್ಮ ಕಾಗದ ಬರೆದಿದ್ದಾಳೆ ಎಂದೆ. ಕೆಟ್ಟ ಸುದ್ದಿಯಾ ಎಂದಳು. ಇನ್ನೂ ಒಡೆದಿಲ್ಲ ಎಂದೆ.

ಲೇಖನದ ವಿಷಯ ನಿನಗೆ ಮೊದಲೇ ತಿಳಿಸಬೇಕೆಂದು ಎಷ್ಟೋ ಸಲ ಬರೆದು ಹರಿದೆ. ಹೇಳಿದ್ದರೆ ನೀನು ಬೇಡ ಅನ್ನುತ್ತಿದ್ದೆ. ನೀನು ಬೇಡ ಅಂದಮೇಲೆ ನನ್ನ ಕೈ ಮುಂದಕ್ಕೆ ಹೋಗುತ್ತಿರಲಿಲ್ಲ.

ಇಲ್ಲಿಯ ಪರಿಸ್ಥಿತಿ ಹೀಗಿದೆ. ಜೂನಿನಲ್ಲಿ ವಿಶ್ವವಿದ್ಯಾಲಯದಲ್ಲಿ ನನ್ನ ಕೆಲಸವನ್ನು ಕಾಯಂ ಮಾಡುವ ಸಮಿತಿ ಕೂಡುತ್ತದೆ. ಒಂದೇ ಹುದ್ದೆ, ನಾವು ಇಬ್ಬರು. ನನ್ನ ಬಳಿ ತೋರಿಸಲು ಇರುವುದು ಆ ಲೇಖನ ಮಾತ್ರ. ನಮ್ಮ ಮುಖ್ಯಸ್ಥರಿಗೆ ನಾವು ಬೋರ್‌ವೆಲ್ ಎಂದು ಹೆಸರಿಟ್ಟಿದ್ದೇವೆ, ಎಷ್ಟು ಕೊರೆದರೂ ನೀರು ಬರುವುದಿಲ್ಲ, ಸದ್ದು ಮಾತ್ರ. ಅವರು ಕೂಡ ಆ ಬೂದುಗಲ್ಲಿನ ಹೆಸರು ಹೇಳಿಕೊಂಡು ಎರಡು ಕಡೆ ಭಾಷಣ ಮಾಡಿ ಬಂದಿದ್ದಾರೆ. ಆ ಕಲ್ಲು ಅಲ್ಲಿಯದಲ್ಲ ಎಂದಾದರೆ ಲೇಖನವನ್ನು ನಾನೇ ಹಿಂದಕ್ಕೆ ತೆಗೆದುಕೊಳ್ಳಬೇಕು. ಬೇರೆ ದಾರಿಯಿಲ್ಲ.

ಈಗ ಹೋಗಿ ನೋಡೋಣ ಎಂದರೆ ಅಣೆಕಟ್ಟು ಎತ್ತರಿಸಿದ ಮೇಲೆ ಕಲ್ಲಿನ ನೆತ್ತಿ ಮಾತ್ರ ಕಾಣುತ್ತದಂತೆ. ನಾನೋ ಎರಡು ವಿಮಾನ ಬದಲಿಸಿ ಬರಬೇಕಾದಷ್ಟು ದೂರ. ಅಮ್ಮ, ಖಂಡಿತವಾಗಿಯೂ ಅದೇ ಕಲ್ಲಾ? ಇದಕ್ಕೆ ತಾಯಿಯಾಗಿ ಅಲ್ಲ, ಸರ್ವೇ ಮಾಡಿದವಳಾಗಿ ಉತ್ತರ ಕೊಡು.

ನಿನ್ನ ಕಾಗದ ಬಂದದ್ದು ಖುಷಿ. ಅದರೊಳಗೆ ಏನಿದ್ದರೂ ಖುಷಿಯೇ.

ಚೂಟಿ


ಏಪ್ರಿಲ್ ೧೯

ಚೂಟಿ,

ನೀನು ಹುಟ್ಟಿದ್ದು ಎಷ್ಟು ನಿಜವೋ ಅದು ಅದೇ ಕಲ್ಲು ಎಂಬುದು ಅಷ್ಟೇ ನಿಜ. ಆ ದಿನ ನನಗೆ ವಾಂತಿ. ಜೀಪಿನ ಚಾಲಕ ನೀರಿನ ಬಾಟಲಿ ಹಿಡಿದು ಪಕ್ಕದಲ್ಲಿ ನಿಂತಿದ್ದ. ಪಂಪ್‌ಹೌಸಿನ ತಿರುವಿನಲ್ಲಿ ಬುಲ್ಡೋಜರ್ ಗುರ್ರೆಂದು ಬಂದು ಬೂದು ಬಣ್ಣದ ಆ ದಢೂತಿ ಕಲ್ಲನ್ನು ಮೂತಿಯಿಂದ ತಳ್ಳಿತು. ಅದು ಒಂದು ಮಗ್ಗುಲಾಗಿ ಬಿದ್ದು ನಿಂತಿತು. ಮುಂದೆ ಯಾರಾದರೂ ಪೆದ್ದ ಇದನ್ನು ಇಲ್ಲಿಯದೇ ಎಂದುಕೊಂಡಾನು ಎಂದು ಚಾಲಕನಿಗೆ ಹೇಳಿ ನಕ್ಕಿದ್ದೆ. ಆ ಪೆದ್ದು ನನ್ನ ಹೊಟ್ಟೆಯಲ್ಲೇ ಇದೆ ಎಂದು ಆಗ ಗೊತ್ತಿರಲಿಲ್ಲ. ಬೇಜಾರು ಮಾಡಿಕೊಳ್ಳಬೇಡ, ತಮಾಷೆಗೆ ಬರೆದೆ.

ನಿನ್ನೆ ನಿಮ್ಮಪ್ಪನಿಗೆ ಇದೆಲ್ಲ ವಿವರಿಸಬೇಕಾಯಿತು. ಮೂವತ್ತೈದು ವರ್ಷ ನನ್ನ ಜೊತೆ ಬಾಳಿದರೂ ಗ್ರಾನೈಟೆಂದರೆ ಅವರಿಗೆ ಅಡುಗೆಮನೆಯ ಕಟ್ಟೆಯೇ. ಭೂಮಿಯ ಆಳದಲ್ಲಿ ಹಳೆಯ ಕಲ್ಲು ಬೆಂದು ಕರಗುತ್ತದೆ, ಕರಗಿದ್ದು ಹಗುರಾಗಿ ಮೇಲಕ್ಕೆ ಏರುತ್ತದೆ, ಆದರೆ ಹೊರಗೆ ಬರದೆ ನೆಲದೊಳಗೇ ನಿಂತು ಲಕ್ಷಾಂತರ ವರ್ಷ ನಿಧಾನವಾಗಿ ಆರುತ್ತದೆ ಎಂದೆ. ನಿಧಾನಕ್ಕೆ ಆರಿದ್ದರಿಂದ ಹರಳುಗಳು ಕಣ್ಣಿಗೆ ಕಾಣುವಷ್ಟು ದೊಡ್ಡದಾಗಿ ಬೆಳೆಯುತ್ತವೆ. ಮೇಲಿನ ಮಣ್ಣು ಬಂಡೆಯೆಲ್ಲ ಸವೆದುಹೋದ ಮೇಲೆ ಅದು ಗುಡ್ಡವಾಗಿ ಹೊರಗೆ ಕಾಣುತ್ತದೆ. ಅವರು ಎಲ್ಲ ಕೇಳಿ, ಹಾಗಾದರೆ ಪ್ರತಿ ಗ್ರಾನೈಟಿಗೂ ಒಂದು ತಾಯಿ ಕಲ್ಲು ಇರಲೇಬೇಕಲ್ಲ, ನಿನ್ನ ಗುಲಾಬಿ ಕಲ್ಲಿನ ತಾಯಿ ಎಲ್ಲಿ ಎಂದು ಕೇಳಿದರು. ಅದು ಪೂರ್ತಿ ಕರಗಿಹೋಗಿದೆ, ಏನೂ ಉಳಿದಿಲ್ಲ ಎಂದೆ. ಮಗಳು ಅದೇ ಸಿಕ್ಕಿತು ಅಂತಿದಾಳೆ ಎಂದರು. ನಿಮ್ಮಪ್ಪ ಯಾವಾಗಲೂ ನಿನ್ನ ಕಡೆಯೇ.

ನಿನಗೆ ಬರೆಯುತ್ತ ಕೂತರೆ ಹೊತ್ತು ಹೋಗುವುದೇ ತಿಳಿಯುವುದಿಲ್ಲ. ಕಲ್ಲಿನ ಬಗ್ಗೆ ಮಾತಾಡಲು ಇಲ್ಲಿ ಯಾರಿದ್ದಾರೆ ಹೇಳು. ಪಕ್ಕದ ಮನೆಯ ದಂತವೈದ್ಯೆಗೆ ಕಲ್ಲೆಂದರೆ ಹಲ್ಲಿನ ಕಿಟ್ಟ.

ನಿನ್ನ ಅಮ್ಮ


ಜೂನ್ ೨೩

ಅಮ್ಮ,

ಲೇಖನವನ್ನು ಹಿಂದಕ್ಕೆ ತೆಗೆದುಕೊಂಡೆ. ಮಾದರಿ ತೆಗೆದ ಕಲ್ಲು ಆ ಜಾಗದ್ದೇ ಎಂದು ಖಚಿತವಾಗಿ ಹೇಳಲಾಗದು ಎಂದು ನಾಲ್ಕು ಸಾಲು ಬರೆದು ಸಹಿ ಹಾಕಿದೆ. ಪತ್ರಿಕೆಯವರು ತುಂಬ ಮರ್ಯಾದೆಯಿಂದ ಉತ್ತರಿಸಿದರು.

ಬೋರ್‌ವೆಲ್ ತಮ್ಮ ಕೋಣೆಗೆ ಕರೆಸಿದರು. ಇಷ್ಟು ದಿನ ಮಾತಾಡುತ್ತಿದ್ದವರು ಅವತ್ತು ಬರೀ ಪೆನ್ನಿನ ಮುಚ್ಚಳ ಹಾಕಿ ತೆಗೆದು ಮಾಡುತ್ತಿದ್ದರು. ಕೊನೆಗೆ, ಯಾರು ಹೇಳಿದರು ನಿಮಗೆ ಎಂದು ಕೇಳಿದರು. ಆ ಗುಡ್ಡದ ನಕ್ಷೆ ಬರೆದವರು ಎಂದೆ. ಅಮ್ಮ ಎಂದು ಹೇಳಲಿಲ್ಲ. ಹುದ್ದೆ ಇನ್ನೊಬ್ಬರಿಗೆ ಹೋಯಿತು. ಅವರು ಒಳ್ಳೆಯವರು, ನನ್ನ ಮುಖ ನೋಡಲಾಗದೆ ಬೇರೆ ಮೆಟ್ಟಿಲಲ್ಲಿ ಇಳಿದು ಹೋಗುತ್ತಾರೆ.

ಈ ತಿಂಗಳ ಕೊನೆಗೆ ವಿಭಾಗದ ಕೋಣೆ ಬಿಡಬೇಕು. ಕಲ್ಲಿನ ಚೂರುಗಳನ್ನೆಲ್ಲ ಡಬ್ಬಕ್ಕೆ ತುಂಬಿದೆ. ಅಷ್ಟೇನೂ ಭಾರವಿಲ್ಲ.

ಬರೆಯುವುದನ್ನು ನಿಲ್ಲಿಸಬೇಡ ಅಮ್ಮ.

ಚೂಟಿ


ಜುಲೈ ೮

ನನ್ನ ಚೂಟಿ,

ನಿನ್ನ ಕಾಗದವನ್ನು ಎರಡು ಸಲ ಓದಿ ಮಡಚಿಟ್ಟೆ. ನೀನು ಮಾಡಿದ್ದು ಸರಿ. ನಮ್ಮ ಕಸುಬಿನಲ್ಲಿ ಇಷ್ಟು ನೇರವಾಗಿ ನಡೆದುಕೊಳ್ಳುವವರು ಕಡಿಮೆ. ನನ್ನ ಮಗಳು ಎಂದು ಹೆಮ್ಮೆ ಅನಿಸಿತು. ನಕ್ಷೆಯ ಗುಲಾಬಿ ಬಣ್ಣ ಹಾಗೇ ಉಳಿಯಿತು ಎಂಬ ಸಮಾಧಾನ ಕೂಡ ಒಂದು ಗಳಿಗೆ ಬಂದಿತ್ತು. ಅದನ್ನು ನಿನ್ನಿಂದ ಮುಚ್ಚಿಡುವುದಿಲ್ಲ.

ಆದರೆ ಮನೆಯಲ್ಲಿ ಗಾಳಿ ಸರಿಯಿಲ್ಲ. ಸುದ್ದಿ ಕೇಳಿದಂದಿನಿಂದ ನಿಮ್ಮಪ್ಪ ಅಂಗಡಿಯಿಂದ ಬಂದು ಊಟ ಮಾಡಿ ಮಲಗುತ್ತಾರೆ, ಅಷ್ಟೇ. ನಿನ್ನೆ ಕೆಣಕಿದೆ. ನಾನು ನಿಜ ಹೇಳಿದ್ದು ತಪ್ಪಾ ಎಂದೆ. ಅವರು ಕನ್ನಡಕ ತೆಗೆದು ಒರೆಸುತ್ತ, "ನಿಜಾನೇ ಇರ್ಬಹುದು ಕಣೆ. ಆದ್ರೆ ಲೇಖನ ಬಂದಾಗ ಒಂದು ಮಾತಾಡದವಳು, ತಪ್ಪು ಸಿಕ್ಕಿದ ತಕ್ಷಣ ಹೇಗೆ ಪೆನ್ನು ಹಿಡಿದೆ ಅಂತ ಒಂದ್ಸಲ ಯೋಚನೆ ಮಾಡು" ಎಂದರು.

ಯೋಚನೆ ಮಾಡುತ್ತಿದ್ದೇನೆ. ನಾನು ಬಾಯಿ ಮುಚ್ಚಿಕೊಂಡಿದ್ದರೆ ಈಗ ನಿನಗೆ ಕಾಯಂ ಕೆಲಸ ಇರುತ್ತಿತ್ತು. ನೀನು ಒಂದು ಸುಳ್ಳಿನ ಮೇಲೆ ಕೂತಿರುತ್ತಿದ್ದೆ, ಆದರೆ ಕೂತಿರುತ್ತಿದ್ದೆ. ಮನೆಗೆ ಬಾ. ನಿನ್ನ ಕೋಣೆಯಲ್ಲಿ ನಿಮ್ಮಪ್ಪ ಕನ್ನಡಕದ ಫ್ರೇಮುಗಳ ಪೆಟ್ಟಿಗೆ ಒಟ್ಟಿದ್ದಾರೆ, ಒಂದು ಬೆಳಿಗ್ಗೆ ಸಾಕು ತೆಗೆಯಲು.

ಅಮ್ಮ


ಆಗಸ್ಟ್ ೧೭

ಚೂಟಿ,

ಉತ್ತರವಿಲ್ಲ. ಈಗ ನೀನು ಮುಖ ಊದಿಸಿಕೊಳ್ಳುವ ಸರದಿಯೋ? ನನ್ನಷ್ಟು ದಿನ ಊದಿಸಿಕೊಳ್ಳಬೇಡ, ಆಮೇಲೆ ಇಳಿಸುವುದು ಕಷ್ಟ.

ಅಮ್ಮ


ಸೆಪ್ಟೆಂಬರ್ ೩೦

ಅಮ್ಮ,

ಮುಖ ಊದಿಸಿಕೊಂಡಿರಲಿಲ್ಲ, ಕೆಲಸ ಹುಡುಕುತ್ತಿದ್ದೆ. ಸಿಕ್ಕಿತು. ಕಲ್ಲಿನ ಚಪ್ಪಡಿ ಮಾರುವ ದೊಡ್ಡ ಗೋದಾಮು. ಬಂದ ಚಪ್ಪಡಿಗಳನ್ನು ನೋಡಿ ಬಿರುಕಿದೆಯಾ, ಕಲೆಯಿದೆಯಾ, ಯಾವುದು ಯಾವುದರ ಜೊತೆ ಹೊಂದುತ್ತದೆ ಎಂದು ಗುರುತು ಹಾಕುವುದು ನನ್ನ ಕೆಲಸ. ನೂರಾರು ಚಪ್ಪಡಿ ಗೋಡೆಗೆ ಒರಗಿ ನಿಂತಿರುತ್ತವೆ. ನಡುವೆ ಓಡಾಡುವಾಗ ಮೈಯೆಲ್ಲ ತಣ್ಣಗಾಗುತ್ತದೆ. ಇವರಿಗೆ ಹೊಳೆಯುವ ಕಲ್ಲೆಲ್ಲ ಗ್ರಾನೈಟೇ. ಕಪ್ಪು ಗ್ರಾನೈಟು ಅಂತ ಒಂದಿದೆ, ಅದು ಗ್ರಾನೈಟಿನ ನೆಂಟನೂ ಅಲ್ಲ. ಮೊದಲ ವಾರ ತಿದ್ದಲು ಹೋದೆ. ಯಜಮಾನ, ಗಿರಾಕಿ ಮುಂದೆ ಮಾತ್ರ ಬೇಡ ತಾಯಿ ಎಂದು ಕೈಮುಗಿದ.

ನಿನ್ನೆ ಹೊಸದಾಗಿ ಮನೆ ಮಾಡಿದ ಗಂಡ ಹೆಂಡತಿ ಬಂದಿದ್ದರು. ಆ ಹೆಂಗಸು ಒಂದು ಬೂದು ಚಪ್ಪಡಿಯ ಮೇಲೆ ಕೈಯಾಡಿಸಿ, ಇದು ಹಳೆ ಸ್ಟಾಕಾ ಎಂದು ಕೇಳಿದಳು. ಸ್ವಲ್ಪ ಹಳೆಯದೇ ಎಂದೆ. ಹೊಸದು ತೋರಿಸಿ ಎಂದಳು. ಎಷ್ಟೋ ದಿನದ ಮೇಲೆ ನಕ್ಕೆ. ಕಪಾಟಿನ ಹಿಂದೆ ಹೋಗಿ ನಕ್ಕೆ, ಆಮೇಲೆ ಅಲ್ಲೇ ನಿಂತು ಸ್ವಲ್ಪ ಅತ್ತೆ. ಇದನ್ನು ಅಪ್ಪನಿಗೆ ಹೇಳಬೇಡ.

ಮನೆಗೆ ಈಗ ಬರುವುದಿಲ್ಲ. ಪೆಟ್ಟಿಗೆಗಳು ಅಲ್ಲೇ ಇರಲಿ.

ಚೂಟಿ


ನವೆಂಬರ್ ೧೫

ಚೂಟಿ,

ಈ ಕಾಗದವನ್ನು ಎಲ್ಲಿಂದ ಶುರು ಮಾಡಬೇಕೋ ತಿಳಿಯುತ್ತಿಲ್ಲ. ಆದದ್ದನ್ನು ಆದ ಹಾಗೆ ಬರೆಯುತ್ತೇನೆ, ನಡುವೆ ನಿಲ್ಲಿಸದೆ ಓದು.

ಅಣೆಕಟ್ಟಿನ ಗೇಟು ಕೆಟ್ಟಿದೆ. ರಿಪೇರಿಗೆಂದು ಜಲಾಶಯದ ನೀರನ್ನೆಲ್ಲ ಬಿಟ್ಟಿದ್ದಾರೆ ಎಂದು ಪೇಪರಿನಲ್ಲಿ ಬಂತು. ನಿಮ್ಮಪ್ಪ ಅದನ್ನು ಓದಿ ಪೇಪರನ್ನು ನನ್ನ ತಟ್ಟೆಯ ಪಕ್ಕ ಇಟ್ಟು ಎದ್ದು ಹೋದರು. ಮಾರನೆಯ ದಿನ ಅಂಗಡಿ ಮುಚ್ಚಿ ಅವರೇ ಬಾಡಿಗೆ ಕಾರು ಹಿಡಿದರು. ನನ್ನ ಹಳೆಯ ಬೂಟು ಕಾಲಿಗೆ ಹತ್ತಲಿಲ್ಲ, ಅವರ ಬೂಟಿನೊಳಗೆ ಎರಡು ಜೊತೆ ಕಾಲುಚೀಲ ಹಾಕಿಕೊಂಡು ಹೋದೆ.

ಕೆಸರು ಒಣಗಿ ಬಿರಿದಿತ್ತು. ನಿಮ್ಮಪ್ಪನ ತೋಳು ಹಿಡಿದು ಇಳಿದೆ. ಪಂಪ್‌ಹೌಸಿನ ಪಕ್ಕ ನಿನ್ನ ಕಲ್ಲು ನಿಂತಿತ್ತು. ಇಷ್ಟು ದಿನ ತಲೆ ಮಾತ್ರ ಕಾಣುತ್ತಿದ್ದದ್ದು ಈಗ ಆಳೆತ್ತರ ಇತ್ತು. ನೀನು ಸುತ್ತಿಗೆಯಿಂದ ಚೂರು ತೆಗೆದ ಗುರುತು ಹೆಗಲ ಮೇಲೆ ಇನ್ನೂ ಬೆಳ್ಳಗಿದೆ. ನಾನು ಬುಡ ನೋಡಲು ಬಗ್ಗಿದೆ.

ಬುಡ ಇಲ್ಲ ಚೂಟಿ. ಎಲ್ಲೂ ಮುಗಿಯುವುದಿಲ್ಲ. ಕಲ್ಲು ಹಾಗೇ ನೆಲದೊಳಕ್ಕೆ ಇಳಿದುಹೋಗಿದೆ. ಸುತ್ತ ನನ್ನ ಗುಲಾಬಿ ಗ್ರಾನೈಟು ಅದನ್ನು ಅಪ್ಪಿಕೊಂಡಿದೆ, ನಡುವೆ ಕೂದಲು ತೂರುವಷ್ಟೂ ಸಂದಿಯಿಲ್ಲ. ಒಂದು ಕಡೆ ಬೂದುಗಲ್ಲು ಹಿಂದೆಂದೋ ಬಿರುಕು ಬಿಟ್ಟಿತ್ತು. ಗುಲಾಬಿ ಕಲ್ಲು ಕರಗಿ ಹರಿಯುತ್ತಿದ್ದ ಕಾಲದಲ್ಲಿ ಆ ಬಿರುಕಿಗೆ ನುಗ್ಗಿ ಅಲ್ಲೇ ಹೆಪ್ಪುಗಟ್ಟಿದೆ. ನನ್ನ ಬೆರಳಿನಷ್ಟು ದಪ್ಪದ ಗುಲಾಬಿ ಪಟ್ಟಿ ನೆಲದಿಂದ ಎದ್ದು ನಿನ್ನ ಕಲ್ಲಿನ ಮೈಯೊಳಗೆ ಹೋಗಿದೆ. ಅಂದರೆ ನನ್ನ ಕಲ್ಲು ಹುಟ್ಟುವ ಮುಂಚೆಯೇ ನಿನ್ನದು ಗಟ್ಟಿಯಾಗಿ ಅಲ್ಲೇ ಇತ್ತು. ನೀನು ಬರೆದದ್ದರಲ್ಲಿ ಒಂದು ಅಕ್ಷರವೂ ತಪ್ಪಿಲ್ಲ.

ನಾನು ನೋಡಿದ ಬುಲ್ಡೋಜರ್ ಕೂಡ ಸುಳ್ಳಲ್ಲ. ಅದು ಉರುಳಿಸಿದ ಕಲ್ಲು ಇನ್ನೂ ಕೆಳಗೆ, ತಿರುವಿನ ಆಚೆ ಕೆಸರಿನಲ್ಲಿ ಬಿದ್ದಿದೆ. ಅದೂ ಬೂದು, ಅದೂ ದಢೂತಿ. ಮೈಮೇಲೆ ಕಬ್ಬಿಣದ ಗೀರುಗಳಿವೆ. ಜಲಾಶಯ ತುಂಬಿದ ಮೇಲೆ ಅದು ಮುಳುಗಿತು, ನಿನ್ನದು ಕಣ್ಣಿಗೆ ಕಾಣುತ್ತ ಉಳಿಯಿತು. ನನ್ನ ತಲೆಯಲ್ಲಿ ಒಂದರ ಜಾಗದಲ್ಲಿ ಇನ್ನೊಂದು ಬಂದು ಕೂತುಬಿಟ್ಟಿತ್ತು. ನಾನು ಎದ್ದು ಹೋಗಿ ನೋಡಲಿಲ್ಲ, ಕುರ್ಚಿಯಲ್ಲಿ ಕೂತು ಖಂಡಿತ ಎಂದು ಬರೆದೆ. ನನ್ನ ಕೈಕೆಳಗಿನ ಯಾರಾದರೂ ಹೀಗೆ ಮಾಡಿದ್ದರೆ ಕಿವಿ ಹಿಂಡಿ ಗುಡ್ಡಕ್ಕೆ ಅಟ್ಟುತ್ತಿದ್ದೆ.

ಕೆಸರಿನಲ್ಲೇ ಕೂತುಬಿಟ್ಟೆ. ನಿಮ್ಮಪ್ಪ ಬೈಯುತ್ತಾರೆ ಎಂದುಕೊಂಡೆ. ಬೈದಿದ್ದರೆ ಚೆನ್ನಾಗಿತ್ತು. ಅವರು ಕರ್ಚೀಫಿನಿಂದ ನನ್ನ ಕಾಲಲ್ಲಿದ್ದ ಬೂಟು ಒರೆಸುತ್ತ ಕೂತರು. ನನ್ನ ಮಗಳ ಅನ್ನಕ್ಕೆ ನಾನೇ ಕಲ್ಲು ಹಾಕಿದೆ ಎಂದೆ. ಅವರು ಇನ್ನೊಂದು ಬೂಟು ಒರೆಸತೊಡಗಿದರು.

ಫೋಟೋಗಳನ್ನು ಇಟ್ಟಿದ್ದೇನೆ. ಕ್ಷಮಿಸು ಎಂದು ಬರೆದರೆ ಆ ಮಾತು ಇದಕ್ಕೆ ಸಾಲುವುದಿಲ್ಲ. ಆದರೂ ಬರೆಯುತ್ತೇನೆ, ಕ್ಷಮಿಸು.

ಅಮ್ಮ


ಡಿಸೆಂಬರ್ ೧೨

ಅಮ್ಮ,

ನಿನ್ನ ಕಾಗದ ಬಂದು ತುಂಬ ದಿನವಾಯಿತು. ಫೋಟೋಗಳನ್ನು ಕಿಟಕಿಯ ಹತ್ತಿರ ಇಟ್ಟುಕೊಂಡು ನೋಡುತ್ತಿದ್ದೆ. ಎಷ್ಟು ಚೆನ್ನಾಗಿ ತೆಗೆದಿದ್ದೀಯ. ಅಳತೆ ಗೊತ್ತಾಗಲಿ ಎಂದು ಸುತ್ತಿಗೆಯ ಬದಲು ಅಪ್ಪನ ಕನ್ನಡಕದ ಡಬ್ಬಿ ಇಟ್ಟಿದ್ದೀಯ.

ನಿನಗೆ ಹೇಳದೆ ಇದ್ದ ಒಂದು ವಿಷಯ ಇದೆ. ಹೇಳದೇ ಇದ್ದುಬಿಡೋಣ ಅಂದುಕೊಂಡಿದ್ದೆ, ಆದರೆ ನೀನು ಕೆಸರಿನಲ್ಲಿ ಕೂತದ್ದನ್ನು ಓದಿದ ಮೇಲೆ ಆಗುತ್ತಿಲ್ಲ. ಚೂರು ತೆಗೆಯಲು ಹೋದ ದಿನ ನಾನು ಕಲ್ಲಿನ ಪಕ್ಕ ಮಲಗಿ ತೋಳನ್ನು ಹೆಗಲವರೆಗೂ ನೀರಿಗೆ ಇಳಿಸಿ ಬುಡ ತಡವಿದ್ದೆ. ಕೈಗೆ ಬುಡ ಸಿಗಲಿಲ್ಲ. ಒಂದು ಉಬ್ಬಿದ ಪಟ್ಟಿ ಮಾತ್ರ ಸಿಕ್ಕಿತು, ಕೆಳಗಿನಿಂದ ಮೇಲಕ್ಕೆ ಬಂದದ್ದು. ನಿನ್ನ ಫೋಟೋದ ಗುಲಾಬಿ ಪಟ್ಟಿ ಅದೇ. ಕಣ್ಣಿಗೆ ಕಾಣದ್ದನ್ನು ಲೇಖನದಲ್ಲಿ ಬರೆಯುವ ಹಾಗಿರಲಿಲ್ಲ, ಬಿಟ್ಟೆ. ಕೈಗೆ ಮಾತ್ರ ಗೊತ್ತಿತ್ತು.

ನೀನು ಖಂಡಿತ ಎಂದು ಬರೆದಾಗ ನನಗೆ ಮೊದಲು ನೆನಪಾದದ್ದು ಅದೇ. ಇಲ್ಲ ಅಮ್ಮ, ನಾನು ಮುಟ್ಟಿ ನೋಡಿದ್ದೇನೆ ಎಂದು ಬರೆಯಲು ಕೂತೆ. ಬರೆಯಲಿಲ್ಲ. ಒಂದು ಸಲ ನಿನ್ನ ಮಾತಿಗೆ ಎದುರು ಬರೆದದ್ದಕ್ಕೆ ನೀನು ಎಷ್ಟು ಕಾಲ ಬಾಯಿ ಬಿಡಲಿಲ್ಲ. ಅಪ್ಪನ ಫೋನಿನ ಹಿಂದೆ ನೀನು ಬಟ್ಟೆ ಕೊಡವುವ ಸದ್ದು ನನಗೆ ಕೇಳುತ್ತಿತ್ತು. ಕಿವಿ ನಿನ್ನದು ಮಂದ, ನನ್ನದಲ್ಲ. ಆ ಸದ್ದು ಕೇಳಿಕೊಂಡು ಅಪ್ಪನ ಜೊತೆ ಹವಾಮಾನ ಮಾತಾಡುತ್ತಿದ್ದೆ. ಆಮೇಲೆ ನಿನ್ನ ಕಾಗದ ಬಂತು, ಇನ್ನೊಂದು ಬಂತು, ನನ್ನನ್ನು ಪೆದ್ದು ಎಂದು ಕರೆದೆ, ದಂತವೈದ್ಯೆಯ ಬಗ್ಗೆ ತಮಾಷೆ ಮಾಡಿದೆ. ನನ್ನ ಕೈ ಹೇಳಿದ್ದನ್ನು ನಂಬಿದರೆ ಮತ್ತೆ ಬಟ್ಟೆ ಕೊಡವುವ ಸದ್ದೇ ಗತಿ. ನೀರಿನೊಳಗೆ ತಡವಿದ್ದು, ಅದೇನು ಸಾಕ್ಷಿ, ಅಮ್ಮನಿಗೆ ಗೊತ್ತಿರುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ.

ಕಲ್ಲು ಹೋದರೆ ಹೋಗಲಿ, ನೀನು ಬರೆಯುತ್ತಿರು ಅಂತ ಸಹಿ ಹಾಕಿದೆ.

ಚೂಟಿ


ಜನವರಿ ೬

ಚೂಟಿ,

ನಿನ್ನ ಕಾಗದವನ್ನು ನಿಮ್ಮಪ್ಪನಿಗೆ ಓದಲು ಕೊಟ್ಟೆ. ಅವರು ಓದಿ ನನಗೆ ವಾಪಸು ಕೊಡದೆ ಜೇಬಿನಲ್ಲಿ ಇಟ್ಟುಕೊಂಡರು. ನನಗೆ ಅದರ ಒಂದೊಂದು ಸಾಲೂ ಬಾಯಿಪಾಠವಾಗಿದೆ.

ನಾನು ತಪ್ಪು ಹೇಳಿದೆ ಎಂಬುದಕ್ಕಿಂತ, ನಾನು ತಪ್ಪು ಎಂದು ನನಗೆ ಹೇಳಲು ನನ್ನ ಮಗಳಿಗೆ ಆಗಲಿಲ್ಲ ಎಂಬುದು ಹೆಚ್ಚು ನೋಯುತ್ತಿದೆ. ಇಲಾಖೆಯಲ್ಲಿ ನನ್ನ ಕಂಡರೆ ಹುಡುಗರು ನಡುಗುತ್ತಿದ್ದರು, ಅದನ್ನು ನಾನು ಬಿರುದಿನ ಹಾಗೆ ಹೊತ್ತು ತಿರುಗಿದೆ. ಮನೆಗೆ ಬಂದಾಗ ಅದನ್ನು ಬಾಗಿಲಲ್ಲಿ ಕಳಚಿಡಲಿಲ್ಲ.

ಪತ್ರಿಕೆಯವರಿಗೆ ಬರೆದೆ. ಫೋಟೋ, ಅಳತೆ, ನನ್ನ ಹೆಸರು, ನಾನು ಮಾಡಿದ ಎಡವಟ್ಟು ಎಲ್ಲ ಬರೆದೆ. ಹಿಂದಕ್ಕೆ ಪಡೆದ ಲೇಖನವನ್ನು ಹಾಗೇ ಮುಂದಕ್ಕೆ ತರಲಾಗದು, ಹೊಸದಾಗಿ ಬರೆದು ಕಳಿಸಲಿ, ನೋಡುತ್ತೇವೆ ಎಂದರು. ನಿನ್ನ ಬೋರ್‌ವೆಲ್‌ಗೂ ಬರೆದೆ. ಹುದ್ದೆ ತುಂಬಿದೆ, ಮುಂದೆ ಯಾವಾಗಲಾದರೂ ಖಾಲಿಯಾದರೆ ನೆನಪಿಟ್ಟುಕೊಳ್ಳುತ್ತೇವೆ ಎಂದು ಎರಡು ಪುಟ ಉತ್ತರ ಬಂತು. ನೀನು ಹೇಳಿದ್ದು ನಿಜ, ಸದ್ದು ಮಾತ್ರ. ನಕ್ಷೆಯನ್ನೂ ತಿದ್ದಿದೆ. ನನ್ನ ಪ್ರತಿಯಲ್ಲಿ ಪಂಪ್‌ಹೌಸಿನ ಪಕ್ಕ ಗುಲಾಬಿ ಬಣ್ಣ ಉಜ್ಜಿ ತೆಗೆದು ಬೂದು ಹಚ್ಚಿದೆ. ಕಾಗದ ಸ್ವಲ್ಪ ಹರಿಯಿತು.

ಹೊಸದಾಗಿ ಬರೆ. ಆ ಒಂದು ಗುಲಾಬಿ ಪಟ್ಟಿಯ ಫೋಟೋ ಸಾಕು, ಯಾರೂ ಎದುರು ಮಾತಾಡುವುದಿಲ್ಲ. ಎಲ್ಲ ನನ್ನಿಂದ ಆದದ್ದು, ನಿನ್ನದೇನೂ ಇಲ್ಲ ಎಂದು ನಾನು ಯಾರ ಮುಂದೆ ಬೇಕಾದರೂ ಹೇಳುತ್ತೇನೆ. ನಿನ್ನ ಜಾಗ ನಿನಗೆ ಸಿಕ್ಕೇ ಸಿಗುತ್ತದೆ.

ಒಂದು ಮಾತು ಕೊಡುತ್ತೇನೆ. ಇನ್ನು ಮೇಲೆ ನಾನು ತಪ್ಪು ಹೇಳಿದರೆ ತಪ್ಪು ಎಂದು ಬರೆ. ಅಂಥ ಕಾಗದಕ್ಕೂ ಉತ್ತರ ಬರೆಯುತ್ತೇನೆ.

ನಿನ್ನ ಅಮ್ಮ


ಫೆಬ್ರವರಿ ೨

ಅಮ್ಮ,

ನೀನು ಹೇಳಿದ್ದು ತಪ್ಪು.

ಒಂದು ಪಟ್ಟಿಯ ಫೋಟೋ ಸಾಲುವುದಿಲ್ಲ. ಆ ಗುಲಾಬಿ ಪಟ್ಟಿಯಿಂದಲೇ ಚೂರು ತೆಗೆದು ಅದರ ವಯಸ್ಸನ್ನೂ ಬೇರೆಯಾಗಿ ಅಳೆಯದೆ ಯಾರೂ ಒಪ್ಪುವುದಿಲ್ಲ. ಒಪ್ಪಲೂ ಬಾರದು. ಇದು ನಿನಗೆ ನನಗಿಂತ ಚೆನ್ನಾಗಿ ಗೊತ್ತು. ನನ್ನ ಮೇಲಿನ ಮರುಕಕ್ಕೆ ಕಲ್ಲಿನ ವಿಷಯದಲ್ಲಿ ರಿಯಾಯಿತಿ ಕೊಡುತ್ತಿದ್ದೀಯ, ಅದು ನನಗೆ ಬೇಡ. ಗೇಟು ರಿಪೇರಿಯಾಗಿ ನೀರು ತುಂಬಿತಂತೆ, ಅಪ್ಪ ಹೇಳಿದರು. ಮತ್ತೆ ಅದು ಯಾವಾಗ ಇಳಿಯುತ್ತದೋ, ಆಗ ನಾವು ಎಲ್ಲಿರುತ್ತೇವೋ. ಚೂರು ತೆಗೆಯುವ ಕಾಲ ಕೈಬಿಟ್ಟುಹೋಯಿತು.

ಎಲ್ಲ ನಿನ್ನಿಂದ ಆದದ್ದು ಎನ್ನುವುದೂ ತಪ್ಪು. ಲೇಖನ ಹಿಂದಕ್ಕೆ ಪಡೆದ ಕಾಗದದ ಮೇಲೆ ಸಹಿ ನನ್ನದು. ಮುಟ್ಟಿ ನೋಡಿದ ಕೈ ನನ್ನದು, ಬರೆಯದ ಕೈಯೂ ನನ್ನದೇ. ಆ ಪಾಲನ್ನು ನನಗೆ ಬಿಡು, ಅದನ್ನೂ ನೀನೇ ಹೊತ್ತುಕೊಳ್ಳಬೇಡ. ನನ್ನ ಜಾಗ ನನಗೆ ಸಿಗುತ್ತದೆ ಎಂಬುದೂ ತಪ್ಪು. ಸಿಗುವುದಿಲ್ಲ ಅಮ್ಮ. ನಾನು ಸಂಜೆ ಗೋದಾಮಿನಿಂದ ಬರುವಾಗ ವಿಭಾಗದ ಕಟ್ಟಡದ ಮುಂದೆಯೇ ಬರುತ್ತಿದ್ದೆ, ನನ್ನ ಕಿಟಕಿಯಲ್ಲಿ ದೀಪ ಇರುತ್ತಿತ್ತು, ಇನ್ನೊಬ್ಬರು ಕೂತಿರುತ್ತಿದ್ದರು. ಈಗೀಗ ಬೇರೆ ರಸ್ತೆ ಹಿಡಿಯುತ್ತಿದ್ದೇನೆ.

ಇದೆಲ್ಲಕ್ಕಿಂತ ದೊಡ್ಡ ತಪ್ಪು ಬೇರೆ ಇದೆ, ಅದು ಬೂದುಗಲ್ಲಿನದಲ್ಲ. ಲೇಖನ ಅಚ್ಚಾದ ದಿನ ಮೊದಲ ಪ್ರತಿಯನ್ನು ನಿನಗೆ ಕಳಿಸಿದ್ದೆ. ಗುಡ್ಡದ ನಕ್ಷೆ ಬರೆದವರಿಗೆ ಎಂದು ಅದರ ಮೇಲೆ ಬರೆದಿದ್ದೆ. ನಿನ್ನ ನಕ್ಷೆ ಇಲ್ಲದಿದ್ದರೆ ಆ ಕಲ್ಲಿನ ಬಣ್ಣ ಸುತ್ತಲಿನ ಬಣ್ಣಕ್ಕಿಂತ ಬೇರೆ ಎಂದು ನನಗೆ ಹೊಳೆಯುತ್ತಲೇ ಇರಲಿಲ್ಲ. ದಿನಾ ಅಂಚೆಪೆಟ್ಟಿಗೆ ತೆಗೆದು ನೋಡಿದೆ. ಬೈದಾದರೂ ಬರೆಯುತ್ತಾಳೆ ಎಂದು ಕಾದೆ. ನೀನು ಬರೆಯಲಿಲ್ಲ. ನನಗೆ ಸಿಟ್ಟಿದೆ ಅಮ್ಮ. ಇಷ್ಟು ದಿನ ಇಲ್ಲ ಎಂದುಕೊಂಡಿದ್ದೆ. ಇದೆ, ತುಂಬ ಇದೆ. ಹೋಗುತ್ತದೋ ಇಲ್ಲವೋ ಗೊತ್ತಿಲ್ಲ.

ಬರೆದಾಯಿತು. ಈಗ ಉತ್ತರ ಬರೆ.

ಚೂಟಿ